ಮೇ ತಿಂಗಳ ಮದರ್‌ಬೋರ್ಡ್

ವಡೋದರಾ ನಗರದ ವಾಯವ್ಯಕ್ಕಿರುವ ಕೊಯಾಲಿಯನ್ನು ದೇಶ ಬಲ್ಲದ್ದು ಅಲ್ಲಿನ ತೈಲ ಶುದ್ಧೀಕರಣಾಗಾರದಿಂದ. ಸೋವಿಯತ್ ನೆರವಿನಿಂದ ಕಟ್ಟಿದ ಈ ಕಾರ್ಖಾನೆ 1965ರಲ್ಲಿ ಕೆಲಸ ಶುರುಮಾಡಿತು. ಇಂಡಿಯನ್ ಆಯಿಲ್‌ನ ದೊಡ್ಡ ಘಟಕಗಳಲ್ಲಿ ಇದೂ ಒಂದು. ನನ್ನ ಅಕ್ಕನ ಮಗ ಅಲ್ಲಿ ಎಂಜಿನಿಯರ್. ಮೊನ್ನೆ ಫೋನ್ ಮಾಡಿದವನು, "ಮಾಮಾ, ಹೊಸಾ ಪಿಸಿ ಕಟ್ಟಾಕತ್ತೇನಿ. ಓವರ್‌ಕ್ಲಾಕ್ ಮಾಡಬೇಕಂತ ಅದ. ಬೆಂಗಳೂರಾಗಿನ ದೋಸ್ತ ಯಾವ ಬೋರ್ಡ್ ಹಾಕ್ಯಾನೋ ಅದನ್ನ ತರಸ್ಲೇನು?" ಎಂದು ಕೇಳಿದ. "ಅದಿರ್ಲಿ, ನಿನ್ನ ಖೋಲಿ ಮೇ ತಿಂಗಳ ಮಧ್ಯಾಹ್ನ ಎಷ್ಟು ಕಾಯ್ತದ ಹೇಳು" ಎಂದೆ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವನಿಗೆ ಅನ್ನಿಸಿರಬೇಕು. ಸಂಬಂಧ ಇದೆ, ಅದೂ ದೊಡ್ಡ ಸಂಬಂಧ. ಮದರ್‌ಬೋರ್ಡ್ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ.

2016ರ ಬೇಸಿಗೆಯನ್ನು ನೆನೆಸಿಕೊಳ್ಳಿ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿಗೆ ಏರಿ ದಾಖಲೆಯಾಯಿತು. ಪತ್ರಿಕೆಗಳ ಮುಖಪುಟ ತುಂಬ ಅದೇ ಸುದ್ದಿ. ಅದೇ ವರ್ಷ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಯಿತು. ಬೆಂಗಳೂರು ದಾಖಲೆ ಎಂದು ಬರೆದಿಟ್ಟುಕೊಂಡ ಬಿಸಿಲು ವಡೋದರಾಕ್ಕೆ ಮೇ ತಿಂಗಳ ಮಾಮೂಲಿ ದಿನ. ಬಿಸಿಲಿಗೆಂದೇ ಒಂದು ಕಾರ್ಯಯೋಜನೆಯನ್ನು ಅಹಮದಾಬಾದ್ ಪಾಲಿಕೆ 2013ರಲ್ಲಿ ಜಾರಿಗೆ ತಂದದ್ದು ಸುಮ್ಮನೆ ಅಲ್ಲ. ಇಂಥ ಊರಿನಲ್ಲಿ ಓವರ್‌ಕ್ಲಾಕ್ ಮಾಡುವವನು ಬೆಂಗಳೂರಿನ ಗೆಳೆಯನ ಪಟ್ಟಿಯನ್ನು ಕಣ್ಣುಮುಚ್ಚಿ ನಕಲು ಮಾಡಬಾರದು.

ಓವರ್‌ಕ್ಲಾಕಿಂಗ್ ಎಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ವೇಗ ಹೆಚ್ಚಿದಂತೆ ಲೆಕ್ಕ ತಪ್ಪದಿರಲು ಅದಕ್ಕೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ತೊಂದರೆ ಇರುವುದೇ ಇಲ್ಲಿ. ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗವನ್ನು ಶೇ 10, ವೋಲ್ಟೇಜನ್ನು ಶೇ 10 ಏರಿಸಿದರೆ ಖರ್ಚಾಗುವ ವಿದ್ಯುತ್ತು ಶೇ 33ರಷ್ಟು ಹೆಚ್ಚುತ್ತದೆ. ಆ ಅಷ್ಟೂ ವಿದ್ಯುತ್ತು ಕೊನೆಗೆ ಶಾಖವಾಗಿ ನಿಮ್ಮ ಕೋಣೆಗೇ ಬರುತ್ತದೆ.

ಪ್ರೊಸೆಸರಿನ ಶಾಖದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಅದಕ್ಕೆ ದೊಡ್ಡ ಕೂಲರ್ ತರುತ್ತಾರೆ. ಪ್ರೊಸೆಸರಿಗೆ ವಿದ್ಯುತ್ತು ಬಡಿಸುವ ಭಾಗವೂ ಕಾಯುತ್ತದೆ ಎನ್ನುವುದು ಮರೆತುಹೋಗುತ್ತದೆ. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದ್ದು ಸುಮಾರು ಒಂದೂಕಾಲು ವೋಲ್ಟ್. ನಡುವಿನ ಈ ಇಳಿಕೆಯನ್ನು ಮಾಡುವುದು ಬೋರ್ಡಿನ ಮೇಲಿರುವ ವೋಲ್ಟೇಜ್ ರೆಗ್ಯುಲೇಟರ್. ಅಂಗಡಿಯವರ ಬಾಯಲ್ಲಿ ವಿಆರ್‌ಎಂ. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರಬೇಕು. ಇಂಟೆಲ್‌ನ ಕೋರ್ ಐ9-14900ಕೆ ಚಿಪ್ಪಿಗೆ ಕಂಪನಿಯೇ ಹಾಕಿದ ಮಿತಿ 253 ವ್ಯಾಟ್. ಒಂದೂಕಾಲು ವೋಲ್ಟಿನಲ್ಲಿ ಅಷ್ಟು ವ್ಯಾಟ್ ಕೊಡಬೇಕೆಂದರೆ ಹೆಚ್ಚುಕಡಿಮೆ 200 ಆಂಪಿಯರ್ ಹರಿಯಬೇಕು. ನಮ್ಮ ಮನೆಗಳಲ್ಲಿ ಗೀಸರಿಗೆ ಹಾಕಿಸುವ ದಪ್ಪ ಪ್ಲಗ್‌ಪಾಯಿಂಟಿನ ಮಿತಿ 16 ಆಂಪಿಯರ್. ಅದರ ಹನ್ನೆರಡು ಪಟ್ಟು ಕರೆಂಟು ಅಂಗೈಯಗಲದ ಜಾಗದಲ್ಲಿ, ತಾಮ್ರದ ತೆಳು ಪದರಗಳ ಮೂಲಕ ಓಡುತ್ತಿರುತ್ತದೆ. ಓವರ್‌ಕ್ಲಾಕ್‌ಗೆ ಬೋರ್ಡ್ ಆರಿಸುವುದು ಎಂದರೆ ಬಹುಪಾಲು ಈ ಜಾಗವನ್ನು ಆರಿಸುವುದು.

ಬೋರ್ಡನ್ನು ಕೈಯಲ್ಲಿ ಹಿಡಿದು ಪ್ರೊಸೆಸರ್ ಕೂರುವ ಚೌಕದ ಎಡಕ್ಕೂ ಮೇಲಕ್ಕೂ ನೋಡಿ. ಸಾಲಾಗಿ ನಿಂತ ಬೂದುಬಣ್ಣದ ಪುಟ್ಟ ಘನಾಕೃತಿಗಳು ಚೋಕ್‌ಗಳು. ಒಂದೊಂದು ಚೋಕ್ ಪಕ್ಕದಲ್ಲೂ ಹೀಟ್‌ಸಿಂಕಿನ ಅಡಿಯಲ್ಲಿ ಅಡಗಿ ಕೂತ ಕಪ್ಪು ಚಿಪ್ ಇರುತ್ತದೆ. ಅದು ಪವರ್ ಸ್ಟೇಜ್, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಆಸುಪಾಸಿನಲ್ಲಿ ಸಣ್ಣ ಡಬ್ಬಿಗಳಂತೆ ನಿಂತವು ಕೆಪಾಸಿಟರ್‌ಗಳು. ಒಂದು ಸ್ಟೇಜ್, ಒಂದು ಚೋಕ್, ಅದರ ಕೆಪಾಸಿಟರ್‌ಗಳು ಸೇರಿದರೆ ಒಂದು ಫೇಸ್. ಡಬ್ಬದ ಮೇಲೆ 14+2+1 ಎಂದು ಬರೆದಿದ್ದರೆ ಪ್ರೊಸೆಸರಿನ ಕೋರ್‌ಗಳಿಗೆ ಹದಿನಾಲ್ಕು, ಉಳಿದವು ಚಿಪ್ಪಿನ ಇತರ ಭಾಗಗಳಿಗೆ ಎಂದು ಅರ್ಥ.

ಫೇಸ್‌ಗಳು ಹೆಚ್ಚಿದ್ದರೆ ಒಳ್ಳೆಯದು ಎನ್ನುವುದಕ್ಕೆ ಕಾರಣ ಇದೆ. ಕರೆಂಟು ಹರಿಯುವಾಗ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿ ಇರುತ್ತದೆ. 200 ಆಂಪಿಯರನ್ನು ಆರು ಫೇಸ್‌ಗಳ ಬದಲು ಹನ್ನೆರಡು ಹಂಚಿಕೊಂಡರೆ ಒಂದೊಂದರ ಪಾಲು ಅರ್ಧವಾಗುತ್ತದೆ, ಒಂದೊಂದರಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ, ಎಲ್ಲ ಸೇರಿ ನೋಡಿದರೆ ಅರ್ಧ. ಆದರೆ ಸಂಖ್ಯೆಯನ್ನೇ ನಂಬಿ ಕೂರಬೇಡಿ. ಒಂದೇ ಸಂಕೇತಕ್ಕೆ ಎರಡೆರಡು ಸ್ಟೇಜ್‌ಗಳನ್ನು ಜೋಡಿಸಿ ಎಣಿಕೆ ಹೆಚ್ಚಿಸಿದ ಬೋರ್ಡ್‌ಗಳೂ ಇವೆ. ಅದು ಮೋಸವಲ್ಲ, ಶಾಖ ಹಂಚಿಕೆಗೆ ಅದರಿಂದ ಉಪಯೋಗವೇ ಆಗುತ್ತದೆ. ನೋಡಬೇಕಾದ ಇನ್ನೊಂದು ಅಂಕಿ ಒಂದೊಂದು ಸ್ಟೇಜಿನ ಸಾಮರ್ಥ್ಯ: 50, 60, 90, 105 ಆಂಪಿಯರ್ ಹೀಗೆ. 105 ಆಂಪಿಯರಿನ ಸ್ಟೇಜ್ ಇದ್ದ ಮಾತ್ರಕ್ಕೆ ಅಷ್ಟು ಕರೆಂಟು ಹರಿಯುತ್ತದೆ ಎಂದಲ್ಲ. ದೊಡ್ಡ ಸ್ಟೇಜಿಗೆ ಸಣ್ಣ ಕೆಲಸ ಕೊಟ್ಟರೆ ಅದು ತಣ್ಣಗಿರುತ್ತದೆ. ಕೊಯಾಲಿಯಲ್ಲಿ ಬೇಕಾದ್ದು ಅದೇ.

ಈಗ ಶಾಖದ ಲೆಕ್ಕ. ವಿಆರ್‌ಎಂ ಶೇ 90ರ ದಕ್ಷತೆಯಲ್ಲಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಪ್ರೊಸೆಸರಿಗೆ 250 ವ್ಯಾಟ್ ತಲುಪಿಸಲು ಅದು ಸುಮಾರು 278 ವ್ಯಾಟ್ ಎಳೆದುಕೊಳ್ಳುತ್ತದೆ. ನಡುವೆ ಕಳೆದುಹೋದ 28 ವ್ಯಾಟ್ ಬೋರ್ಡಿನ ಮೇಲೇ ಶಾಖವಾಗುತ್ತದೆ. ಅದನ್ನು ಹೊರಹಾಕುವುದು ಆ ಸ್ಟೇಜ್‌ಗಳ ಮೇಲಿರುವ ಹೀಟ್‌ಸಿಂಕ್ ಮತ್ತು ಅದರ ಮೇಲೆ ಬೀಸುವ ಗಾಳಿ. ಗಾಳಿ ಎಷ್ಟು ಶಾಖ ಒಯ್ಯುತ್ತದೆ ಎನ್ನುವುದು ಲೋಹಕ್ಕೂ ಗಾಳಿಗೂ ಇರುವ ಉಷ್ಣಾಂಶದ ಅಂತರದ ಮೇಲೆ ನಿಂತಿದೆ. ಶುದ್ಧೀಕರಣಾಗಾರದಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಫ್ಯಾನ್ ಬೀಸಿ ಕೊಳವೆಗಳನ್ನು ತಣಿಸುವ ಏರ್ ಕೂಲರ್‌ಗಳು ಬೇಸಿಗೆಯ ಮಧ್ಯಾಹ್ನ ಸುಸ್ತಾಗುವುದನ್ನು ಅವರು ಪಾಳಿಯಲ್ಲಿ ನಿಂತು ನೋಡುತ್ತಾರೆ. ಅದೇ ನಿಯಮ ಇಲ್ಲಿಯೂ ನಡೆಯುತ್ತದೆ. ಇಪ್ಪತ್ತೆರಡು ಡಿಗ್ರಿಯ ಪ್ರಯೋಗಶಾಲೆಯಲ್ಲಿ ಒಂದು ಬೋರ್ಡಿನ ವಿಆರ್‌ಎಂ 78 ಡಿಗ್ರಿ ತಲುಪಿತು ಎಂದು ವಿಮರ್ಶೆಯಲ್ಲಿ ಓದಿದರೆ, 40 ಡಿಗ್ರಿಯ ಕೋಣೆಯಲ್ಲಿ ಅದು 96ಕ್ಕೆ ಹೋಗುತ್ತದೆ ಎಂದು ಓದಿಕೊಳ್ಳಿ. ನಿಜಕ್ಕೂ ಇನ್ನಷ್ಟು ಮೇಲೆ, ಯಾಕೆಂದರೆ ಸ್ವಿಚ್ ಬಿಸಿಯಾದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ, ಹಾಗಾಗಿ ಅದು ಮತ್ತಷ್ಟು ಶಾಖ ಹುಟ್ಟಿಸುತ್ತದೆ. ಸಾಲದ್ದಕ್ಕೆ ಬೋರ್ಡು ಮುಚ್ಚಿದ ಕ್ಯಾಬಿನೆಟ್ಟಿನೊಳಗೆ, ಗ್ರಾಫಿಕ್ಸ್ ಕಾರ್ಡಿನ ಬಿಸಿಯುಸಿರಿನ ಮೇಲೆಯೇ ಇರುತ್ತದೆ.

ಪವರ್ ಸ್ಟೇಜ್‌ಗಳು ನೂರು ಡಿಗ್ರಿ ದಾಟಿದ ಕೂಡಲೇ ಸುಟ್ಟುಹೋಗುವುದಿಲ್ಲ. 125 ಡಿಗ್ರಿ ತಾಳುವಂತೆ ಮಾಡಿದವು ಬಹಳ ಇವೆ. ಬೋರ್ಡ್ ಮೊದಲು ಮಾಡುವುದು ಪ್ರೊಸೆಸರಿನ ವೇಗ ತಗ್ಗಿಸುವುದು. ಅಂದರೆ ದುಡ್ಡು ಕೊಟ್ಟು ತಂದ ಓವರ್‌ಕ್ಲಾಕ್ ಬೇಸಿಗೆಯಲ್ಲಿ ತಾನಾಗಿ ಮಾಯವಾಗುತ್ತದೆ. ನಿಧಾನವಾಗಿ ಸವೆಯುವುದು ಕೆಪಾಸಿಟರ್. ದ್ರವ ತುಂಬಿದ ಹಳೆಯ ಬಗೆಯ ಕೆಪಾಸಿಟರ್‌ಗಳ ಆಯುಸ್ಸು ಪ್ರತಿ ಹತ್ತು ಡಿಗ್ರಿ ಏರಿಕೆಗೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಎಂಜಿನಿಯರುಗಳ ರೂಢಿ ಲೆಕ್ಕ. ಈ ಶತಮಾನದ ಮೊದಲ ವರ್ಷಗಳಲ್ಲಿ ತಲೆಯುಬ್ಬಿ ಸೋರಿದ ಕೆಪಾಸಿಟರ್‌ಗಳಿಂದ ಸತ್ತ ಬೋರ್ಡ್‌ಗಳನ್ನು ರಿಪೇರಿ ಅಂಗಡಿಯವರು ಇನ್ನೂ ಮರೆತಿಲ್ಲ. ಈಗಿನ ಒಳ್ಳೆಯ ಬೋರ್ಡ್‌ಗಳಲ್ಲಿ ಪ್ರೊಸೆಸರಿನ ಸುತ್ತ ಘನ ಪಾಲಿಮರ್ ಕೆಪಾಸಿಟರ್‌ಗಳೇ ಇರುತ್ತವೆ. ನನ್ನ ಮಟ್ಟಿಗೆ, ಬೇಸಿಗೆಯ ಪೂರ್ತಿ ಹೊರೆಯಲ್ಲಿ ವಿಆರ್‌ಎಂ 90 ಡಿಗ್ರಿಯ ಒಳಗಿರುವ ಬೋರ್ಡೇ ಕೊಳ್ಳಲು ತಕ್ಕದ್ದು.

ಹೀಟ್‌ಸಿಂಕನ್ನು ಕಣ್ಣಿನಿಂದಲ್ಲ, ಕೈಯಿಂದ ಪರೀಕ್ಷಿಸಿ. ಮೇಲೆ ನುಣುಪಾದ ಪ್ಲಾಸ್ಟಿಕ್ ಹೊದಿಕೆ, ಅದರಡಿಯಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ತುಂಡು ಇರುವ ಬೋರ್ಡ್‌ಗಳು ನೋಡಲು ಬಲು ಚೆಂದ. ಬೇಕಾದ್ದು ತೂಕವಿರುವ ಲೋಹ ಮತ್ತು ನಡುನಡುವೆ ಗಾಳಿ ಹಾಯುವಂತೆ ಸೀಳಿದ ಅಂಚುಗಳು. ಎರಡು ಹೀಟ್‌ಸಿಂಕ್‌ಗಳನ್ನು ಜೋಡಿಸುವ ತಾಮ್ರದ ಹೀಟ್‌ಪೈಪ್ ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಬೋರ್ಡ್‌ಗಳಲ್ಲಿ ಎಡದ ಸಾಲಿಗೆ ಹೀಟ್‌ಸಿಂಕ್ ಹಾಕಿ ಮೇಲಿನ ಸಾಲನ್ನು ಬೋಳಾಗಿ ಬಿಟ್ಟಿರುತ್ತಾರೆ. ಅಂಥದ್ದು ಗುಜರಾತಿನ ಬೇಸಿಗೆಗೆ ಆಗಿಬರುವುದಿಲ್ಲ.

ಬಿಸಿ ಊರಿನವರು ಬೀಳುವ ಇನ್ನೊಂದು ಹಳ್ಳ ಇದೆ. ಶಾಖ ಹೆಚ್ಚು ಎಂದು ಲಿಕ್ವಿಡ್ ಕೂಲರ್ ಹಾಕಿಸುತ್ತಾರೆ. ಪ್ರೊಸೆಸರ್ ತಣ್ಣಗಾಗುತ್ತದೆ, ನಿಜ. ಆದರೆ ಪ್ರೊಸೆಸರಿನ ಮೇಲೆ ಗೋಪುರದಂತೆ ನಿಲ್ಲುವ ಏರ್ ಕೂಲರಿನ ಫ್ಯಾನ್ ಬೀಸುವಾಗ ಒಂದಷ್ಟು ಗಾಳಿ ವಿಆರ್‌ಎಂ ಮೇಲೂ ಹಾಯುತ್ತಿತ್ತು. ಲಿಕ್ವಿಡ್ ಕೂಲರಿನಲ್ಲಿ ಫ್ಯಾನ್‌ಗಳೆಲ್ಲ ಕ್ಯಾಬಿನೆಟ್ಟಿನ ಮೇಲಕ್ಕೋ ಮುಂದಕ್ಕೋ ಹೋಗಿಬಿಡುತ್ತವೆ. ಸಾಕೆಟ್ಟಿನ ಸುತ್ತ ಗಾಳಿ ನಿಂತುಹೋಗುತ್ತದೆ. ಪ್ರೊಸೆಸರ್ 70 ಡಿಗ್ರಿ ತೋರಿಸುತ್ತಿರುವಾಗಲೇ ಪಕ್ಕದ ವಿಆರ್‌ಎಂ 105 ಮುಟ್ಟಿರಬಹುದು, ಯಜಮಾನನಿಗೆ ಸುಳಿವೇ ಇರುವುದಿಲ್ಲ. ಲಿಕ್ವಿಡ್ ಕೂಲರ್ ಹಾಕುವವರು ಹಿಂಬದಿಯಿಂದ ಗಾಳಿ ಎಳೆಯುವ ಒಂದು ಫ್ಯಾನನ್ನಾದರೂ ವಿಆರ್‌ಎಂ ಮಟ್ಟಕ್ಕೆ ಇಡಿ, ಬೋರ್ಡಿನಲ್ಲಿ ವಿಆರ್‌ಎಂ ಉಷ್ಣಾಂಶ ತೋರಿಸುವ ಸೆನ್ಸರ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಸಾಮಾನ್ಯ ಕೂಲರೇ ಸಾಕು ಎನ್ನುವ ಕಡೆ ನಾನು ವಾಲುತ್ತೇನೆ.

"ಎಸಿ ಹಾಕ್ತೀನಲ್ಲ ಮಾಮಾ" ಎಂದ ಹುಡುಗ. ಹಾಕಿದರೆ ಲೆಕ್ಕ ಬದಲಾಗುತ್ತದೆ, ಒಪ್ಪುತ್ತೇನೆ. 24 ಡಿಗ್ರಿಗೆ ಇಟ್ಟರೆ ಕೊಯಾಲಿಯ ಕೋಣೆಯೂ ಬೆಂಗಳೂರೇ. ಒಂದು ಟನ್ ಎಸಿ ತೆಗೆಯುವ ಶಾಖ ಸುಮಾರು 3,500 ವ್ಯಾಟ್. ಅದರಲ್ಲಿ 500 ವ್ಯಾಟ್, ಅಂದರೆ ಏಳನೆಯ ಒಂದು ಪಾಲು, ಓವರ್‌ಕ್ಲಾಕ್ ಮಾಡಿದ ಪಿಸಿಯೇ ನುಂಗಬಹುದು. ಆದರೆ ಎಸಿ ಆರಿಸಿ ವಿಡಿಯೊ ರೆಂಡರ್‌ಗೆ ಇಟ್ಟು ರಾತ್ರಿ ಪಾಳಿಗೆ ಹೋದ ದಿನ? ಬೋರ್ಡನ್ನು ಆರಿಸಬೇಕಾದ್ದು ಆ ದಿನಕ್ಕೆ.

ಚಿಪ್‌ಸೆಟ್ ವಿಷಯ ಬೇಗ ಮುಗಿಯುತ್ತದೆ. ಇಂಟೆಲ್‌ನಲ್ಲಿ ಪ್ರೊಸೆಸರಿನ ಹೆಸರಿನ ಕೊನೆಗೆ ಕೆ ಇರಬೇಕು, ಬೋರ್ಡ್ ಝಡ್ ಸರಣಿಯದಾಗಿರಬೇಕು. ಬಿ760ಯಲ್ಲಿ ರ‍್ಯಾಮ್ ವೇಗ ಹೆಚ್ಚಿಸಬಹುದು, ಪ್ರೊಸೆಸರಿನದನ್ನು ಆಗದು. ಎಎಂಡಿಯಲ್ಲಿ ಬಿ ಮತ್ತು ಎಕ್ಸ್ ಸರಣಿಗಳೆರಡರಲ್ಲೂ ಅವಕಾಶವಿದೆ, ಎ620ಯಲ್ಲಿ ಇಲ್ಲ. ಇಂಟೆಲ್ 2024ರ ಅಕ್ಟೋಬರ್‌ನಲ್ಲಿ ಹೊಸ ಸಾಕೆಟ್ಟಿಗೆ ಹೊರಳಿತು, ಆದ್ದರಿಂದ ಹಿಂದಿನ ಸಾಕೆಟ್ಟಾದ ಎಲ್‌ಜಿಎ 1700 ಬೋರ್ಡ್ ಕೊಂಡವರಿಗೆ ಮುಂದೆ ಏರಲು ಮೆಟ್ಟಿಲಿಲ್ಲ. 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ನಡೆಸುತ್ತೇವೆ ಎಂದು ಎಎಂಡಿ ಹೇಳಿದೆ.

ಓವರ್‌ಕ್ಲಾಕಿಂಗ್‌ನ ಉದ್ದೇಶವೇ ಈಗ ಬದಲಾಗಿದೆ ಎನ್ನುವುದನ್ನು ಹೇಳಲೇಬೇಕು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂತು. ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡುತ್ತಿತ್ತು. ಅಬಿಟ್ ಬಿಎಚ್6ನಂಥ ಬೋರ್ಡ್‌ಗಳಲ್ಲಿ ಜಂಪರ್ ಕಿತ್ತು ಹಾಕುವ ಗೋಜೂ ಇರಲಿಲ್ಲ, ಬಯೋಸ್‌ನಲ್ಲೇ ಬದಲಾಯಿಸಬಹುದಿತ್ತು. ಸುಮ್ಮನೆ ಸಿಕ್ಕ ಶೇ 50ರ ಲಾಭ! ಬಡ ವಿದ್ಯಾರ್ಥಿಯೂ ಶ್ರೀಮಂತನ ಕಂಪ್ಯೂಟರನ್ನು ಸರಿಗಟ್ಟಬಹುದಾಗಿದ್ದ ಆ ಕಾಲದ ಬಗ್ಗೆ ನನಗೆ ಈಗಲೂ ಪ್ರೀತಿ. ಈಗ ತಯಾರಕರೇ ಚಿಪ್ಪನ್ನು ಅಂಚಿನವರೆಗೆ ತಳ್ಳಿ ಕಳಿಸುತ್ತಾರೆ. ಕೈಯಿಂದ ಹಿಂಡಿದರೂ ಉಳಿದಿರುವುದು ಅಲ್ಪಸ್ವಲ್ಪ. 2022ರ ಡಿಸೆಂಬರ್‌ನಲ್ಲಿ 13900ಕೆ ಚಿಪ್ಪನ್ನು ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿಸಿದ್ದು ಅದ್ಭುತ ಸಾಹಸವೇ. ಆದರೆ ಅಂಥ ದಾಖಲೆಗಳ ಜೊತೆ ಜಾಹೀರಾತಾಗುವ ಬೋರ್ಡ್‌ಗಳು ನಿತ್ಯ ಬಳಕೆಯವರಿಗೆ ಬೇಡದ ಖರ್ಚು.

ಅಂಚಿಗೆ ತಳ್ಳಿದ್ದರ ಫಲವನ್ನೂ ಕಂಡಿದ್ದೇವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು ಬಳಸುತ್ತ ಬಳಸುತ್ತ ತಡವರಿಸತೊಡಗಿದವು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುವ ಮೈಕ್ರೊಕೋಡ್ ಇದರ ಹಿಂದಿದೆ ಎಂದು ಕಂಪನಿ 2024ರ ಜುಲೈನಲ್ಲಿ ಒಪ್ಪಿಕೊಂಡಿತು, ಆಗಸ್ಟ್‌ನಲ್ಲಿ 0x129 ಎಂಬ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಅದಕ್ಕೂ ಮೊದಲು ಬಹಳಷ್ಟು ಬೋರ್ಡ್‌ಗಳು ಇಂಟೆಲ್‌ನ 253 ವ್ಯಾಟ್ ಮಿತಿಯನ್ನು ಪಕ್ಕಕ್ಕಿಟ್ಟು, 4096 ವ್ಯಾಟ್ ಎಂದು ಬರೆದು, ಮಿತಿಯೇ ಇಲ್ಲದಂತೆ ಅಂಗಡಿಯಿಂದ ಬರುತ್ತಿದ್ದವು. ಎಎಂಡಿ ಕಡೆಯೂ 2023ರಲ್ಲಿ ಕೆಲವು 7800ಎಕ್ಸ್3ಡಿ ಚಿಪ್‌ಗಳು ಬೋರ್ಡ್ ಸಮೇತ ಸುಟ್ಟವು. ಆಮೇಲೆ ಎಸ್‌ಒಸಿ (ಕೋರ್ ಬಿಟ್ಟು ಚಿಪ್ಪಿನ ಇತರ ಭಾಗಗಳ) ವೋಲ್ಟೇಜಿಗೆ 1.3 ವೋಲ್ಟಿನ ಲಕ್ಷ್ಮಣರೇಖೆ ಎಳೆಯಲಾಯಿತು. ಎರಡೂ ಕಡೆ ಬಳಕೆದಾರ ಏನನ್ನೂ ಅತಿಯಾಗಿ ಮಾಡಿರಲಿಲ್ಲ. ಚಿಪ್ಪೋ ಬೋರ್ಡೋ ಅವನ ಪರವಾಗಿ ಅತಿ ಮಾಡಿತ್ತು.

ಆದ್ದರಿಂದ ಎಷ್ಟು ಏರಿಸಲು ಬಿಡುತ್ತದೆ ಎನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಹಿಡಿದಿಡಲು ಬಿಡುತ್ತದೆ ಎನ್ನುವುದರಿಂದ ನಾನು ಬೋರ್ಡನ್ನು ಅಳೆಯುತ್ತೇನೆ. ಬಯೋಸ್‌ನಲ್ಲಿ ವ್ಯಾಟ್ ಮತ್ತು ಆಂಪಿಯರ್ ಮಿತಿಗಳನ್ನು ನಾವೇ ಹಾಕುವಂತಿರಬೇಕು. ಕೊಟ್ಟ ವೇಗಕ್ಕೆ ಬೇಕಾದ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುವ ಸೌಲಭ್ಯ ಇರಬೇಕು. ಎಎಂಡಿಯಲ್ಲಿ ಇದಕ್ಕೆ ಕರ್ವ್ ಆಪ್ಟಿಮೈಸರ್ ಎನ್ನುತ್ತಾರೆ. ವೋಲ್ಟೇಜ್ ಇಳಿದರೆ ಶಾಖ ಇಳಿಯುತ್ತದೆ, ಶಾಖ ಇಳಿದರೆ ಇಂದಿನ ಚಿಪ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಬಿಸಿ ಊರಿನಲ್ಲಿ ನಿಜವಾಗಿ ದಕ್ಕುವ ಓವರ್‌ಕ್ಲಾಕಿಂಗ್ ಇದು. ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಇನ್ನೊಂದು ಆಯ್ಕೆಯಿದೆ. ಚಿಪ್ಪಿನ ಮೇಲೆ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದು ಸಹಜ. ಆ ಕುಸಿತವನ್ನು ಎಷ್ಟು ತಡೆಯಬೇಕು ಎಂದು ಇದು ಹೇಳುತ್ತದೆ. ಪೂರ್ತಿ ತಡೆದರೆ ಹೊರೆ ತೆಗೆದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಚಿಪ್ಪಿಗೆ ಪೆಟ್ಟು ಬೀಳುವುದು ಆಗ. ನಡುವಿನ ಹಂತದಲ್ಲಿ ಇಡಿ.

ಆಟಕ್ಕೇ ಹೆಚ್ಚು ಬಳಸುವವರು ಎಎಂಡಿಯ 9800ಎಕ್ಸ್3ಡಿಯಂಥ ಚಿಪ್ ಕೊಂಡರೆ ಬೋರ್ಡಿನ ಮೇಲಿನ ಒತ್ತಡವೇ ಇಳಿಯುತ್ತದೆ. ಅದರ ಮೂಲ ಮಿತಿ 162 ವ್ಯಾಟ್, ಹಿಂದಿನ 7800ಎಕ್ಸ್3ಡಿಯಂತೆ ವೇಗಕ್ಕೆ ಬೀಗ ಹಾಕಿಲ್ಲ. ದಪ್ಪ ಹೀಟ್‌ಸಿಂಕಿನ ಮಧ್ಯಮ ದರ್ಜೆಯ ಬಿ650 ಅಥವಾ ಬಿ850 ಬೋರ್ಡ್ ಅದಕ್ಕೆ ಧಾರಾಳ. ಕೊಯಾಲಿಯ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಝಡ್ ಸರಣಿಯ ದುಬಾರಿ ಬೋರ್ಡಿನ ಆಸೆ ಅವನಿಗೆ ಇನ್ನೂ ಪೂರ್ತಿ ಹೋಗಿಲ್ಲ.

ರ‍್ಯಾಮ್ ವಿಷಯದಲ್ಲಿ ಒಂದೇ ಮಾತು: ನಾಲ್ಕು ಸಣ್ಣ ಪಟ್ಟಿಗಳ ಬದಲು ಎರಡು ದೊಡ್ಡವನ್ನು ಕೊಳ್ಳಿ, ಪ್ರೊಸೆಸರಿನಿಂದ ಎಣಿಸಿದರೆ ಎರಡು ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿ. ಡಿಡಿಆರ್5ರಲ್ಲಿ ನಾಲ್ಕೂ ತುಂಬಿದರೆ ವೇಗ ಗಣನೀಯವಾಗಿ ಬೀಳುತ್ತದೆ. ಬೋರ್ಡ್ ತಯಾರಕರು ತಾವು ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿ ಪ್ರಕಟಿಸುತ್ತಾರೆ, ಅದರಲ್ಲಿರುವುದನ್ನೇ ತನ್ನಿ.

ಓವರ್‌ಕ್ಲಾಕ್ ಮಾಡುವವನಿಗೆ ಕಂಪ್ಯೂಟರ್ ಏಳದೆ ಕೂರುವ ಗಳಿಗೆ ಬಂದೇ ಬರುತ್ತದೆ. ಆಗ ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪ್ರೊಸೆಸರ್ ಕೂಡ ಇಲ್ಲದೆ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬಬಹುದು. ಹಾಕಿದ್ದನ್ನೆಲ್ಲ ಅಳಿಸಿ ಮೊದಲಿಗೆ ಮರಳಲು ಕ್ಲಿಯರ್ ಸಿಮಾಸ್ ಗುಂಡಿ, ಎಲ್ಲಿ ನಿಂತಿತು ಎಂದು ತೋರಿಸುವ ಸಣ್ಣ ದೀಪಗಳು ಇವೆಲ್ಲ ಬಣ್ಣದ ಲೈಟುಗಳಿಗಿಂತ ಎಷ್ಟೋ ಮೇಲು. ಬಯೋಸ್ ಬದಲಿಸುವಾಗ ಕರೆಂಟು ಹೋಗದಂತೆ ಯುಪಿಎಸ್ ಇರಲಿ.

ಅಂದಹಾಗೆ, ಬೋರ್ಡ್‌ಗಳ ಹೆಸರಾಂತ ತಯಾರಕರಾದ ಏಸಸ್, ಎಂಎಸ್‌ಐ, ಗಿಗಾಬೈಟ್, ಏಸ್‌ರಾಕ್ ನಾಲ್ಕೂ ತೈವಾನಿನವು. ಆದರೆ ಕೊಯಾಲಿಯಿಂದ ಹೆಚ್ಚು ದೂರವಿಲ್ಲದ ಸಾಣಂದ್‌ಗೆ ಚಿಪ್ ಉದ್ಯಮ ಕಾಲಿಟ್ಟಿದೆ: 2023ರಲ್ಲಿ ಮೈಕ್ರಾನ್, 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರಿನ ಕೇನ್ಸ್ ಕಂಪನಿಯ ಘಟಕಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಮೈಸೂರಿನವರು ಗುಜರಾತಿನಲ್ಲಿ ಚಿಪ್ ಕಟ್ಟುವ ಸುದ್ದಿ ಓದಿ ನನಗೆ ಹಿಗ್ಗಾಯಿತು.

ಬೋರ್ಡ್ ಬಂದ ಮೇಲೆ ಪರೀಕ್ಷೆಯನ್ನು ರಾತ್ರಿ ತಂಪಿನಲ್ಲಿ ಮಾಡಬೇಡಿ. ಮಧ್ಯಾಹ್ನ ಮೂರಕ್ಕೆ, ಎಸಿ ಆರಿಸಿ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿ, ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಪ್ರೈಮ್95 ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ ವಿಆರ್‌ಎಂ ಉಷ್ಣಾಂಶ ನೋಡಿ. ಏರುತ್ತಲೇ ಹೋಗದೆ ಒಂದು ಕಡೆ ನಿಂತರೆ ನೆಮ್ಮದಿ. ಡಿಸೆಂಬರ್‌ನಲ್ಲಿ ಕಟ್ಟಿದವರು ಇದೇ ಪರೀಕ್ಷೆಯನ್ನು ಮೇನಲ್ಲಿ ಮತ್ತೆ ಮಾಡಲೇಬೇಕು.

ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಅಲೆದಾಟ. ಎಎಂ5 ಬಂದ ಮೇಲೆ ಎಎಂಡಿಯಲ್ಲೂ ಪಿನ್‌ಗಳು ಪ್ರೊಸೆಸರನ್ನು ಬಿಟ್ಟು ಬೋರ್ಡಿನ ಸಾಕೆಟ್ಟಿಗೆ ಬಂದಿವೆ. ಕೂದಲಿನಷ್ಟು ತೆಳುವಾದ ಆ ಪಿನ್‌ಗಳಲ್ಲಿ ಒಂದು ಬಾಗಿದರೂ ವಾರಂಟಿ ಸಿಗುವುದು ಕಷ್ಟ. ಆದ್ದರಿಂದ ಅಂಗಡಿಯಲ್ಲೇ, ಮಾರುವವರ ಎದುರಿಗೇ ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಸಾಲುಗಳನ್ನು ನೋಡಿ, ಒಂದು ಫೋಟೊ ತೆಗೆದಿಡಿ. ಸಾಕೆಟ್ಟಿನ ಮೇಲಿದ್ದ ಆ ಪ್ಲಾಸ್ಟಿಕ್ ಮುಚ್ಚಳವನ್ನು ಡಬ್ಬದಲ್ಲೇ ಜೋಪಾನ ಮಾಡಿ. ಬೋರ್ಡನ್ನು ಯಾವತ್ತಾದರೂ ಸರ್ವಿಸ್ ಸೆಂಟರಿಗೆ ಕಳಿಸಬೇಕಾದರೆ ಅದನ್ನು ಹಾಕಿಯೇ ಕಳಿಸಬೇಕು.